ಬಣ್ಣ ಒಣಗುವವರೆಗೆ

ತುಂಗಭದ್ರೆಯ ದಡದಲ್ಲಿ ಕರಿಬಸಯ್ಯನವರ ಶೆಡ್ಡು ಇತ್ತು. ಹಳೆಯ ಕಾರುಗಳನ್ನು ಮೊದಲಿನ ರೂಪಕ್ಕೆ ತರುವುದು ಅವರ ಕೆಲಸ. ಒಂದು ಸಲಕ್ಕೆ ಒಂದೇ ಕಾರು, ಒಬ್ಬನೇ ಶಿಷ್ಯ.

ಆಗ ಶಿಷ್ಯನಾಗಿದ್ದವನು ಹಾಲೇಶ. ಅವನ ಕೈ ಚುರುಕು, ಮನಸ್ಸು ಮೆತ್ತಗೆ. ಗುರುಗಳು ಎರಡನ್ನೂ ಬಲ್ಲರು, ಯಾವುದನ್ನೂ ಹೊಗಳಿದವರಲ್ಲ.

ಒಂದು ದಿನ ಮನೋರಮಾ ಎಂಬ ಹಿರಿಯ ಹೆಂಗಸು ಹಳೆಯ ಮಾರಿಸ್ ಕಾರೊಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಕಾರು ಅವರ ಗಂಡ ಶ್ರೀಪಾದರಾಯರದು. ವರ್ಷಗಟ್ಟಲೆ ನಿಂತಲ್ಲೇ ನಿಂತು ತಳವೆಲ್ಲ ತುಕ್ಕು ತಿಂದಿತ್ತು. ರಾಯರು ಹಾಸಿಗೆ ಹಿಡಿದಿದ್ದಾರೆ, ಡಾಕ್ಟರು ಕೈಚೆಲ್ಲಿದ್ದಾರೆ, ಹೋಗುವ ಮೊದಲು ಕಾರು ಮನೆಗೆ ಬರಲಿ ಎಂಬುದೊಂದೇ ಅವರ ಆಸೆ ಎಂದು ಆಕೆ ಹೇಳಿದರು.

ಬಣ್ಣ ಯಾವುದಿರಲಿ ಎಂದು ಕರಿಬಸಯ್ಯ ಕೇಳಿದರು. ಮೊದಲಿದ್ದ ಬೂದು ಬಣ್ಣವೇ ಆಗಲಿ, ಇಲ್ಲವಾದರೆ ನಿಮಗೆ ತಿಳಿದದ್ದು ಎಂದರು ಮನೋರಮಾ. ಗೇಟಿನ ತನಕ ಹೋದವರು ತಿರುಗಿ ಬಂದು, ತುಂಬ ತಡವಾಗುತ್ತದೆಯೇ ಎಂದು ವಿಚಾರಿಸಿದರು.

ಗುರುಶಿಷ್ಯರು ಬಿಡುವಿಲ್ಲದೆ ದುಡಿದರು. ತಳಕ್ಕೆ ಹೊಸ ತಗಡು ಬಿತ್ತು. ಬ್ರೇಕು ಹಿಡಿಯಿತು. ಸತ್ತಂತಿದ್ದ ಇಂಜಿನ್ ಕೆಮ್ಮಿ ಕೆಮ್ಮಿ ಕೊನೆಗೆ ಸರಾಗವಾಗಿ ಓಡಿತು. ಇನ್ನು ಮೈಯ ಕೆಲಸ ಮಾತ್ರ ಬಾಕಿ.

ಚಕ್ರಗಳಿಗೆ ಪೌಡರ್ ಕೋಟಿಂಗ್ ಮಾಡಿಸಿಕೊಂಡು ಬಾ ಎಂದು ಗುರುಗಳೇ ಹಾಲೇಶನನ್ನು ದಾವಣಗೆರೆಗೆ ಕಳಿಸಿದರು. ಅಲ್ಲಿ ಹಿಟ್ಟಿನಂಥ ಪುಡಿಯನ್ನು ಲೋಹದ ಮೇಲೆ ಊದಿ, ದೊಡ್ಡ ಒಲೆಯೊಳಗಿಟ್ಟು ಬೇಯಿಸಿದರು. ಬೆಳಿಗ್ಗೆ ಕೊಟ್ಟ ಚಕ್ರ ಸಂಜೆಗೆ ಕೈಗೆ ಬಂತು. ಉಗುರಿನಿಂದ ಕೆರೆದರೂ ಗೀರು ಬೀಳಲಿಲ್ಲ.

ಹಾಲೇಶ ಅದನ್ನೇ ಯೋಚಿಸುತ್ತ ಊರಿಗೆ ಮರಳಿದ. ಬಣ್ಣವೆಂದರೆ ಒಂದು ಪದರ ಹೊಡೆಯಬೇಕು, ಒಣಗಲು ಬಿಡಬೇಕು, ನೀರು ಹಾಕಿ ಉಜ್ಜಬೇಕು, ಮತ್ತೆ ಹೊಡೆಯಬೇಕು. ಅಷ್ಟರಲ್ಲಿ ರಾಯರ ಗತಿ ಏನು? ಕಳಚಬಹುದಾದ ಬಾಗಿಲುಗಳಾದರೂ ಒಲೆಗೆ ಹೋದರೆ ಅಷ್ಟು ದಿನ ಉಳಿಯುತ್ತದೆ.

"ಬಾಗಿಲುಗಳಿಗೂ ಪೌಡರ್ ಮಾಡಿಸೋಣವೇ?" ಎಂದು ಕೇಳಿದ.

"ಬೇಡ. ಬಣ್ಣ ಹೊಡೆಯೋಣ."

"ಯಾಕೆ ಗುರುಗಳೇ?"

"ಚಕ್ರ ಚಕ್ರವೇ. ಬಾಗಿಲಿನ ಒಳಗೆ ಏನೇನಿದೆಯೋ, ಯಾರು ಬಲ್ಲರು?"

ಹಾಲೇಶನಿಗೆ ಅದು ಉತ್ತರ ಎನ್ನಿಸಲಿಲ್ಲ. ಮುದುಕರ ಹಟ ಎನ್ನಿಸಿತು.

ಅದೇ ವಾರ ಕರಿಬಸಯ್ಯನವರ ಅಕ್ಕ ತೀರಿಕೊಂಡರು. ಗುರುಗಳು ಅಕ್ಕನ ಊರಿಗೆ ಹೋದರು. ಹಾಲೇಶ ಒಂಟಿಯಾಗಿ ಕಾರಿನ ಸುತ್ತ ಸುಳಿದಾಡಿದ. ಗೋಡೆಯ ಕಡೆ ಮುಖ ಮಾಡಿ ಮಲಗಿರುವ ತಾನು ಕಾಣದ ರಾಯರು ಅವನ ಕಣ್ಣಿಗೆ ಕಟ್ಟಿದರು. ಮರುದಿನ ಬಾಗಿಲುಗಳನ್ನು ಕಳಚಿ ಟೆಂಪೋಗೆ ಹಾಕಿ ದಾವಣಗೆರೆಗೆ ಒಯ್ದ.

ಒಳಗೆ ಪುಟ್ಟಿಯೋ ಸೀಸವೋ ತುಂಬಿದ್ದೀರಾ ಎಂದು ಒಲೆಯವನು ಕೇಳಿದ. ಎಲ್ಲ ತಗಡೇ ಎಂದ ಹಾಲೇಶ.

ಯಾವುದೋ ಕಾಲದಲ್ಲಿ ಯಾರೋ ಆ ಬಾಗಿಲುಗಳ ತಗ್ಗಿಗೆ ಸೀಸ ಕಾಯಿಸಿ ತುಂಬಿದ್ದರು. ಒಲೆಯ ಉರಿಗೆ ಅದೆಲ್ಲ ಕರಗಿ ಇಳಿಯಿತು. ತೆಳ್ಳಗಿನ ತಗಡು ಸೊಟ್ಟಗಾಯಿತು. ಬಾಗಿಲುಗಳು ಹೊರಬಂದಾಗ ಮೇಲೆ ಮಿರಿಮಿರಿ ಮಿಂಚು, ನಡುವೆ ಗುಳಿ.

ಗುರುಗಳು ಅಕ್ಕನ ಕಾರ್ಯ ಮುಗಿಸಿಕೊಂಡು ವಾಪಸಾದರು. ಶೆಡ್ಡಿನ ಗೋಡೆಗೆ ಒರಗಿಸಿದ್ದ ಬಾಗಿಲುಗಳನ್ನು ನೋಡಿದರು. ಹಾಲೇಶ ಏನನ್ನೂ ಮುಚ್ಚಿಡದೆ ಹೇಳಿದ. ಬೈಗುಳ ಬೀಳುತ್ತದೆಂದು ಕಾದ.

ಅವರು ಒಂದು ಬಾಗಿಲನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದರು. ಗುಳಿಯ ಮೇಲೆ ಅಂಗೈ ಆಡಿಸಿದರು. ಆಮೇಲೆ ಮರದ ಸುತ್ತಿಗೆಯನ್ನು ಅವನ ಕೈಗಿಟ್ಟು, "ಶುರು ಮಾಡು" ಎಂದರು.

ಆ ಗಟ್ಟಿ ಪದರವನ್ನು ಕಿತ್ತು ತೆಗೆಯುವುದೇ ದೊಡ್ಡ ಕೆಲಸವಾಯಿತು. ತಗಡನ್ನು ನೇರ ಮಾಡುವುದು ಅದಕ್ಕಿಂತ ದೊಡ್ಡದು. ಹಾಲೇಶನ ಅಂಗೈ ಬೊಬ್ಬೆ ಎದ್ದು ಒಡೆಯಿತು. ಗುರುಗಳು ಎದುರಿಗೆ ಕೂತು ಇನ್ನೊಂದು ಬಾಗಿಲನ್ನು ತಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಮನೋರಮಾ ಬಂದರು. ಮೊದಲಿಗಿಂತ ಇಳಿದುಹೋಗಿದ್ದರು. ಬಾಗಿಲಿಲ್ಲದ ಬರಿಮೈ ಕಾರನ್ನು ನೋಡಿ, ಇದು ಓಡುತ್ತದೆಯೇ ಎಂದು ಕೇಳಿದರು. ಓಡುತ್ತದೆ ಎಂದ ಹಾಲೇಶ.

"ಹಾಗಿದ್ದರೆ..." ಎಂದು ಆಕೆ ಬಾಯಿ ತೆರೆದರು.

"ಹೀಗೆ ಹೇಗೆ ಕಳಿಸಲಿ ತಾಯಿ?" ಎಂದರು ಕರಿಬಸಯ್ಯ. "ಈ ಶೆಡ್ಡಿನಿಂದ ಅರೆಬರೆ ಕಾರು ಇದುವರೆಗೆ ಆಚೆ ಹೋಗಿಲ್ಲ. ಬಣ್ಣ ಒಣಗಲಿ, ನಾನೇ ತಂದು ನಿಲ್ಲಿಸುತ್ತೇನೆ."

ಆಕೆ ತಲೆಯಾಡಿಸಿದರು. ಹಾಗೇ ಹೊರಟುಹೋದರು.

ಬಾಗಿಲುಗಳು ಕೂತವು. ಬಣ್ಣ ಬಿತ್ತು. ಹೊಳೆಯ ಮೇಲಿನಿಂದ ಬರುವ ಥಂಡಿ ಗಾಳಿಗೆ ಪ್ರತಿ ಪದರವೂ ನಿಧಾನವಾಗಿ ಒಣಗಿತು. ಹಾಲೇಶ ಉಜ್ಜಿದ, ಗುರುಗಳು ಹೊಡೆದರು. ಕೊನೆಯ ಪದರವೂ ಒಣಗಿದಾಗ ಕಾರು ಮೋಡದ ಬಣ್ಣದಲ್ಲಿ ತಣ್ಣಗೆ ನಿಂತಿತ್ತು. ಅಂಥ ಕೆಲಸವನ್ನು ಹಾಲೇಶ ಹಿಂದೆ ಕಂಡಿರಲಿಲ್ಲ. ಗುರುಗಳೇ ಒಂದು ಸುತ್ತು ಬಂದು ಸುಮ್ಮನೆ ನೋಡಿದರು.

ಕಾರನ್ನು ಹಾಲೇಶ ನಡೆಸಿದ. ಗುರುಗಳು ಪಕ್ಕದಲ್ಲಿ ಕೂತರು. ಕೇಳಿಕೊಂಡು ಹೋಗಿ ರಾಯರ ಮನೆ ಮುಟ್ಟಿದರು.

ಜಗಲಿಯ ಗೋಡೆಗೆ ಒಂದು ಮಂಚವನ್ನು ನೆಟ್ಟಗೆ ಒರಗಿಸಿಟ್ಟಿದ್ದರು. ಹಾಸಿಗೆ ಅಂಗಳದ ಬಿಸಿಲಿನಲ್ಲಿತ್ತು.

ಹಾಲೇಶ ಇಂಜಿನ್ ನಿಲ್ಲಿಸಿದ.

ಮನೋರಮಾ ಹೊರಗೆ ಬಂದರು. ಕಾರಿನ ಮೈಮೇಲೆ ಒಮ್ಮೆ ಕೈಯಿಟ್ಟರು. ಚೆನ್ನಾಗಿ ಮಾಡಿದ್ದೀರಿ ಎಂದರು. ಕರಿಬಸಯ್ಯ ಕೈಮುಗಿದು, ಬಣ್ಣದಿಂದ ತಡವಾಯಿತು ಎಂದರು.

"ಬಣ್ಣ ಅವರಿಗೆ ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಎಂದೋ ಹೋಗಿತ್ತು" ಎಂದರು ಆಕೆ. "ಸ್ಟಿಯರಿಂಗ್ ಹಿಡಿದು ಕೂರಬೇಕು, ಇಂಜಿನ್ ಸದ್ದು ಕೇಳಬೇಕು ಅನ್ನುತ್ತಿದ್ದರು. ರಸ್ತೆಯಲ್ಲಿ ಯಾವ ಗಾಡಿ ಬಂದರೂ ನಮ್ಮದೇ ಏನು ಅಂತ ಕೇಳುತ್ತಿದ್ದರು."

ಅವರ ದನಿಯಲ್ಲಿ ದೂರು ಇರಲಿಲ್ಲ. ಅದನ್ನೇ ಹಾಲೇಶನಿಂದ ತಾಳಲಾಗಲಿಲ್ಲ. ಬಾಗಿಲು ಕೆಡಿಸಿದವನು ನಾನು, ತಡ ಆದದ್ದು ನನ್ನಿಂದ ಎಂದು ಹೇಳಿಬಿಟ್ಟ.

ಆಕೆ ಅವನ ಒಡೆದ ಅಂಗೈಗಳನ್ನು ನೋಡಿದರು. ಅಲ್ಲಿ, ರಾಯರು ಮಲಗುತ್ತಿದ್ದ ಕೋಣೆಯ ಕಿಟಕಿಯ ಹತ್ತಿರ ಒಂದಿಷ್ಟು ಹೊತ್ತು ಇಂಜಿನ್ ಓಡಿಸಲು ಆಗುತ್ತದೆಯೇ ಎಂದು ಕೇಳಿದರು.

ಹಾಲೇಶ ಕಾರನ್ನು ಕಿಟಕಿಯ ಬಳಿ ನಿಲ್ಲಿಸಿ ಇಂಜಿನ್ ಓಡಿಸಿದ. ಆಕೆ ಒಳಗೆ ಹೋಗಿ, ಖಾಲಿ ಕೋಣೆಯಲ್ಲಿ ನೆಲದ ಮೇಲೆ ಕೂತರು. ಸಾಕು ಎಂದು ಆಕೆ ಕೈಯೆತ್ತುವವರೆಗೂ ಕರಿಬಸಯ್ಯ ಅಂಗಳದಲ್ಲಿ ತಲೆತಗ್ಗಿಸಿ ನಿಂತಿದ್ದರು.

ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಹೊಳೆಯ ದಡ ಹಿಡಿದು ನಡೆದರು. ನೀರು ಇಳಿದು ಬಂಡೆಗಳು ಎದ್ದಿದ್ದವು. ಬಹಳ ದೂರ ಬಂದ ಮೇಲೆ ಹಾಲೇಶ ಕೇಳಿದ:

"ನಿಮ್ಮ ಮಾತು ಕೇಳಿದ್ದರೆ ರಾಯರು ಕಾರಿನಲ್ಲಿ ಕೂರುತ್ತಿದ್ದರು. ಅಲ್ಲವೇ ಗುರುಗಳೇ?"

ಕರಿಬಸಯ್ಯ ನಡಿಗೆ ನಿಲ್ಲಿಸಲಿಲ್ಲ.

"ನೀನು ಬೇಗ ಆಗಲಿ ಎಂದೆ. ನಾನು ಚಂದ ಆಗಲಿ ಎಂದೆ. ಮಲಗಿದ್ದವರನ್ನು ಹೋಗಿ ಕೇಳಿದವರು ಯಾರು, ಹಾಲೇಶ?"