ಟಿವಿ ಕೇಳಿತು, ಸಣ್ಣೀರ ನಿಜ ಹೇಳಿದ

ನಗು ಬಂದರೆ ಧಾರಾಳವಾಗಿ ನಗಿ, ಆದರೆ ಸಣ್ಣೀರನನ್ನು ಮಾತ್ರ ಬೈಯಬೇಡಿ. ಬೈಯುವುದಕ್ಕೆ ಅವನ ಅವ್ವ ಚೌಡಮ್ಮ ಇದ್ದಾಳೆ. ಮೂವತ್ತು ವರ್ಷದ ಆಳು ಸಣ್ಣೀರ, ಹೇಳಿದಷ್ಟೇ ಮಾಡುವವನು. "ಬಾಗಿಲು ಬಿಟ್ಟು ಏಳಬ್ಯಾಡ" ಅಂದರೆ ಏಳುವವನಲ್ಲ, ಒಳಗೆ ಬೆಕ್ಕು ಹಾಲೆಲ್ಲ ಕುಡಿದು ಅವನ ಪಕ್ಕದಲ್ಲೇ ಮೀಸೆ ಒರೆಸಿಕೊಂಡು ಹೋದರೂ! "ನಿನ್ನ ಕಟ್ಕೊಂಡು ನಾನೇನ್ಲಾ ಮಾಡ್ಲಿ!" ಎಂದು ಚೌಡಮ್ಮ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಚೌಡಮ್ಮನ ಹಳೇ ಗುಂಡಿ ಫೋನಿಗೆ ಪುಣೆಯಿಂದ ಮಗಳ ಕರೆ ಬಂತು. ಮೊಮ್ಮಗಳು ಸಿಂಚನ ಅಜ್ಜಿ ಕಲಿಸಿದ ಸೋಬಾನೆ ಪದವನ್ನು ಶಾಲೆಯಲ್ಲಿ ಹಾಡುತ್ತಾಳಂತೆ. ಭಾನುವಾರ ಬೆಳಗ್ಗೆ ಹತ್ತಕ್ಕೆ, ನೆಟ್ಟಿನಲ್ಲಿ, ಒಂದೇ ಸಲ. ಮಂಡಿನೋವಿನ ಚೌಡಮ್ಮ ಅಷ್ಟು ದೂರ ಹೋಗುವುದುಂಟೆ? ಮನೆಯಲ್ಲೇ ನೋಡಬೇಕು. ಪಕ್ಕದ ಮನೆಯ ಸಾಕಮ್ಮ "ನಮ್ಮ ವೈಫೈ ತಗೊಳ್ಳಿ" ಅಂದಳು. ಆದರೆ ಇವರ ಡೊಳ್ಳುಹೊಟ್ಟೆಯ ಹಳೇ ಟಿವಿಗೆ ನೆಟ್ಟು ಹತ್ತಬೇಕಲ್ಲ!

"ಪ್ಯಾಟೆ ಅಂಗ್ಡೀಲಿ ಕೇಳ್ಕೊಂಡು ಬಾರ್ಲಾ" ಎಂದು ಸಣ್ಣೀರನನ್ನು ಅಟ್ಟಿದಳು.

ಅಂಗಡಿಯವನು ಅಂದ: "ನಿಮ್ಮ ಟಿವಿ ಬೆನ್ನಲ್ಲಿ ಇಷ್ಟಗಲ ಚಪ್ಪಟೆ ತೂತು ಐತಾ ನೋಡಪ್ಪಾ. ತೂತಿದ್ರೆ ಈ ಪುಟ್ಟ ಡಬ್ಬಿ ಸಿಕ್ಕಿಸಿದ್ರೆ ಸಾಕು. ಇಲ್ದಿದ್ರೆ ಹೊಸ ಟಿವೀನೇ ತಗೋಬೇಕು. ಅದಕ್ಕೆ ಡಬ್ಬಿಗಿಬ್ಬಿ ಬ್ಯಾಡ, ಎಲ್ಲಾ ಒಳಗೇ ಇರ್ತದೆ."

ಸಣ್ಣೀರ ಮನೆಗೆ ಬಂದು ಟಿವಿ ಬೆನ್ನು ತಡವಿದ. ಅಂಥ ತೂತಿಲ್ಲ. ಅಯ್ಯೋ, ಅವ್ವನಿಗೆ ಸುಮ್ಮನೆ ಖರ್ಚು! ಒಲೆಯಲ್ಲಿ ಸಲಾಕೆ ಕೆಂಪಗೆ ಕಾಯಿಸಿದ. ಇಷ್ಟಗಲ ಅಂದಿದ್ದನಲ್ಲ, ಅಷ್ಟೇ ಅಗಲಕ್ಕೆ ಚುಚ್ಚಿದ. ಒಳಗೆ ಢಬ್ ಅಂತು, ಹೊಗೆ ಎದ್ದಿತು.

"ಅವ್ವಾ, ತೂತಾಯ್ತು! ಇನ್ನು ಡಬ್ಬಿ ಸಾಕು!"

"ಅಯ್ಯೋ ನಿನ್ನ ಕೈಗಿಷ್ಟು! ನಿಮ್ಮಪ್ಪ ತಂದ ಟಿವಿ ಕಣ್ಲಾ ಅದು!" ಚೌಡಮ್ಮ ಪೊರಕೆ ಎತ್ತಿದಳು, ಮಗನ ಮುಖ ನೋಡಿ ಕೆಳಗಿಟ್ಟಳು. ಕೊನೆಗೆ ಕರು ಮಾರಿ ಹೊಸ ಟಿವಿಗೆ ದುಡ್ಡು ಹೊಂದಿಸಿದಳು. "ಈ ಸಲ ಹುಷಾರು. ಹಸುಗೂಸ್ನ ನೋಡ್ಕೊಂಡಂಗೆ ನೋಡ್ಕೋಬೇಕು, ತಿಳೀತಾ?"

"ತಿಳೀತು ಕಣವ್ವ."

ತಿಳಿಯದೇ ಇರುತ್ತದೆಯೆ! ಟಿವಿಯನ್ನು ಎದೆಗೊತ್ತಿಕೊಂಡು ತಂದ. ಚೌಡಮ್ಮ ಹೊಲದಿಂದ ಬರುವಷ್ಟರಲ್ಲಿ ಮನೆ ತುಂಬ ಸಾಂಬ್ರಾಣಿ ಹೊಗೆ. ಟಿವಿಗೆ ಹರಳೆಣ್ಣೆ ತಿಕ್ಕಿದ್ದಾನೆ, ನಡುವೆ ದೃಷ್ಟಿಬೊಟ್ಟು ಇಟ್ಟಿದ್ದಾನೆ, ಸೀರೆಯ ಜೋಲಿಯಲ್ಲಿ ಮಲಗಿಸಿ ತೂಗುತ್ತಿದ್ದಾನೆ.

"ಏನ್ಲಾ ಇದು!"

"ಷ್! ಮೆತ್ತಗೆ! ಈಗ ತಾನೇ ಕಣ್ಣು ಮುಚ್ಚೈತೆ."

ಕೂಸಿನ ಸ್ನಾನಕ್ಕೆ ಅಂತ ನೀರು ಹುಯ್ಯುವ ಮೊದಲೇ ಬಂದಳಲ್ಲ, ಅದೇ ಪುಣ್ಯ! ಅಂಗಡಿಯ ಹುಡುಗ ಬಂದು ಎಣ್ಣೆ ಒರೆಸಿ, ಗೋಡೆಗೆ ಬಿಗಿದು, ಸಾಕಮ್ಮನ ವೈಫೈ ಹತ್ತಿಸಿ, ಶಾಲೆಯ ಪುಟ ಹುಡುಕಿಕೊಟ್ಟ. "ಟಿವಿ ಏನಾದ್ರೂ ಕೇಳಿದ್ರೆ ಓದಿ ಗುಂಡಿ ಒತ್ತಿ. ಬಾಯಲ್ಲಿ ಹೇಳಿದ್ರೆ ಅದಕ್ಕೆ ಕೇಳ್ಸಲ್ಲ" ಅಂದ.

ಚೌಡಮ್ಮ ಮಗನ ಕಿವಿ ಹಿಂಡಿದಳು. "ಅದು ಕೂಸಲ್ಲ ಕಣ್ಲಾ, ಮನೆಗೆ ಬಂದ ನೆಂಟ ಅನ್ಕೊ. ಕೇಳಿದ್ದಕ್ಕೆ ನಿಜ ಹೇಳು. ಸುಳ್ಳು ಒತ್ತಿ ಕೆಡಿಸಬ್ಯಾಡ!"

ಭಾನುವಾರ. ಏಳಕ್ಕೇ ಟಿವಿ ಹಾಕಿದರು. ಮೊದಲು ಬೇರೆ ಮಕ್ಕಳ ಕುಣಿತ, ನಾಟಕ, ಭಾಷಣ. ಸಾಕಮ್ಮನ ಮನೆಯವರೆಲ್ಲ ಬೀಗ ಹಾಕಿಕೊಂಡು ಮದುವೆಗೆ ಹೋಗಿದ್ದರು. ಹತ್ತಕ್ಕೆ ಐದು ನಿಮಿಷ ಇದೆ ಅನ್ನುವಾಗ ಚೌಡಮ್ಮ ಎದ್ದಳು. "ಮೊಮ್ಮಗಳ ಎದುರಿಗೆ ಈ ಹಳೇ ಸೀರೇಲಿ ಕೂರ್ಲಾ? ಮುಖ ತೊಳ್ದು ಬತ್ತೀನಿ."

ಸಣ್ಣೀರ ಕಿಟಕಿಯಾಚೆ ಕೋಳಿ ಕೆದಕುವುದನ್ನು ನೋಡುತ್ತಾ ನಿಂತ. ತಿರುಗಿದರೆ ಟಿವಿಯಲ್ಲಿ ಕುಣಿತ ನಿಂತಿದೆ, ಅಕ್ಷರ ಮೂಡಿದೆ. ಕೂಡಿಸಿ ಕೂಡಿಸಿ ಓದಿದ: "ಇನ್ನೂ ನೋಡುತ್ತಿದ್ದೀರಾ? ಹೌದು. ಇಲ್ಲ."

ಸಣ್ಣೀರ ಯೋಚಿಸಿದ. ಅವ್ವ ಒಳಗಿದ್ದಾಳೆ, ನೋಡುತ್ತಿಲ್ಲ. ನಾನು ಕೋಳಿ ನೋಡುತ್ತಿದ್ದೆ. ನೆಂಟನಿಗೆ ಸುಳ್ಳು ಹೇಳುವುದೆ? ಕೈಮುಗಿದು, "ಇಲ್ಲ" ಒತ್ತಿದ. ಶಾಲೆ ಮಾಯವಾಯಿತು.

ಚೌಡಮ್ಮ ಹೊಸ ಸೀರೆಯುಟ್ಟು, ಹೂ ಮುಡಿದು ಬಂದಳು. ಪರದೆ ಕಪ್ಪಗಿತ್ತು.

"ಎಲ್ಲಿ ನನ್ನ ಸಿಂಚನ?"

"ಅದು ಕೇಳ್ತು ಕಣವ್ವ. ನಿಜ ಹೇಳ್ದೆ. ಹೊಂಟೋಯ್ತು."

ಆ ಗುಂಡಿ ಒತ್ತಿದರು, ಈ ಗುಂಡಿ ಒತ್ತಿದರು. ಅಡುಗೆ ಬಂತು, ಕುಸ್ತಿ ಬಂತು, ಸಿಂಚನ ಬರಲಿಲ್ಲ. ಅಂಗಡಿಗೆ ಭಾನುವಾರ ರಜ. ಹತ್ತೂವರೆ ಆಯಿತು. ಚೌಡಮ್ಮ ಬೈಯಲೇ ಇಲ್ಲ. ಗೋಡೆಗೊರಗಿ, "ಆ ಪದ ಒಂದ್ಸಲ ಕೇಳಿದ್ರೆ ಸಾಕಾಗಿತ್ತು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೈದಿದ್ದರೆ ಸಣ್ಣೀರನಿಗೆ ಅಭ್ಯಾಸವಿತ್ತು. ಅವ್ವ ಅಳುವುದನ್ನು ಅವನಿಂದ ನೋಡಲಾಗಲಿಲ್ಲ.

ಪದ ತಾನೇ ಬೇಕು? ಅವ್ವ ಸಿಂಚನಳಿಗೆ ಕಲಿಸುವಾಗ ಅವನೂ ಅಲ್ಲೇ ರಾಗಿ ಕೇರುತ್ತಾ ಕೂತಿರಲಿಲ್ಲವೆ! ಹೊಸ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ ತಂದ. ಕುಡುಗೋಲಿನಿಂದ ಚೌಕವಾಗಿ ಕೊಯ್ದ. ಅದರ ಹಿಂದೆ ಕೂತು ಮುಖ ತೋರಿಸಿದ.

"ಅವ್ವಾ, ಈ ಕಡೆ ನೋಡು. ಇದಕ್ಕೆ ಡಬ್ಬಿಗಿಬ್ಬಿ ಬ್ಯಾಡ, ಎಲ್ಲಾ ಒಳಗೇ ಐತೆ!"

ಹಾಡತೊಡಗಿದ. ದನಿ ಒರಟು, ಆದರೆ ಒಂದು ಪದವೂ ತಪ್ಪಲಿಲ್ಲ. ಅವ್ವ ಹೇಳಿಕೊಟ್ಟಷ್ಟೂ ಹಾಗೇ ಇತ್ತು, ಅವಳು ಕೆಮ್ಮಿದ ಕಡೆ ಅವನೂ ಕೆಮ್ಮಿದ. ಚೌಡಮ್ಮ ಸೆರಗು ಸರಿಸಿದಳು. ಅಳುತ್ತಲೇ ನಕ್ಕಳು. ಹಾಡು ಏರುತ್ತಾ ಏರುತ್ತಾ ಹಸೆಗೆ ಕರೆಯುವ ಸಾಲಿಗೆ ಬಂತು. ಚೌಡಮ್ಮನಿಗೆ ಜೀವದಷ್ಟು ಇಷ್ಟವಾದ ಸಾಲು. ಅಲ್ಲಿಗೆ ಸಣ್ಣೀರ ಗಕ್ಕನೆ ನಿಲ್ಲಿಸಿಬಿಟ್ಟ.

"ಇನ್ನೂ ನೋಡುತ್ತಿದ್ದೀರಾ?"

"ನೋಡ್ತಾ ಇವ್ನಿ ಕಣೋ ನನ್ನಪ್ಪ! ಹಾಡ್ಲಾ!"

ಸಣ್ಣೀರ ಕಣ್ಣು ಮಿಟುಕಿಸಲಿಲ್ಲ, ತುಟಿ ಅಲುಗಿಸಲಿಲ್ಲ.

"ಹಾಡ್ಲಾ ಮಗನೇ!"

ಊಹೂಂ. ಚೌಡಮ್ಮ ಮಂಡಿ ಹಿಡಿದುಕೊಂಡು ಎದ್ದಳು, ರಿಮೋಟು ಹುಡುಕಿ ತಂದಳು, ಮಗನ ಮೂಗಿಗೆ ಹಿಡಿದು ಗುಂಡಿ ಒತ್ತಿದಳು. ಆಮೇಲೆ ಸಣ್ಣೀರ ಹಾಡಿದ.