ದಾರಿ ತಪ್ಪಿದ ಅಜ್ಜನವರು

ಪೂಜ್ಯ ಕಾಡಯ್ಯ ಶಿವಯೋಗಿಗಳು ಊರಾಚೆಯ ಹಾಳು ಗುಡಿಯೊಂದರಲ್ಲಿ ಕಂಬಳಿ ಹಾಸಿಕೊಂಡು ಇದ್ದ ಕಾಲದ ಮಾತು. ಮಠವಿಲ್ಲ, ಪಲ್ಲಕ್ಕಿಯಿಲ್ಲ; ಯಾರಾದರೂ ತಂದುಕೊಟ್ಟರೆ ಊಟ. ಭಕ್ತರೆಲ್ಲ ಅವರನ್ನು ಅಜ್ಜನವರೆಂದೇ ಕರೆಯುತ್ತಿದ್ದರು.

ಒಂದು ಮುಂಜಾನೆ ಹುಬ್ಬಳ್ಳಿಯ ಚನ್ನಮಲ್ಲಪ್ಪ ಕೋರಿ ಅಲ್ಲಿಗೆ ಬಂದ. ಷೇರು ಕೊಂಡು ಮಾರುವುದೇ ಅವನ ಕಸುಬು. ಅವನು ನಂಬಿದ್ದ ಕಂಪನಿಯೊಂದರ ಷೇರು ಇಳಿಯುತ್ತಲೇ ಇತ್ತು. ಇಳಿದಷ್ಟೂ ಹಟದಿಂದ ಅದನ್ನೇ ಮತ್ತೆ ಮತ್ತೆ ಕೊಂಡಿದ್ದ. ಈಗ ಕೈ ಬರಿದಾಗಿ, ಇದ್ದ ಮನೆಯನ್ನು ಒತ್ತೆಯಿಟ್ಟು ಇನ್ನಷ್ಟು ಕೊಳ್ಳಲು ಹೊರಟಿದ್ದ. ಅಜ್ಜನವರಲ್ಲಿ ಅವನಿಗೆ ಅಂಥ ನಂಬಿಕೆಯೇನೂ ಇರಲಿಲ್ಲ. "ಅಜ್ಜಾರು ಹೂಂ ಅಂದ್ರ ನಾನೂ ಹೂಂ ಅಂತೀನಿ" ಎಂದು ಹೆಂಡತಿ ನೀಲವ್ವ ಪಟ್ಟು ಹಿಡಿದದ್ದರಿಂದ ಬಂದಿದ್ದ.

ಎಲ್ಲ ಕೇಳಿದ ಅಜ್ಜನವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪಕ್ಕದೂರಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳು ವಿಭೂತಿಗಾಗಿ ಕಾಯುತ್ತಿದ್ದಾಳೆ, ಜೊತೆಗೆ ಬಾ ಎಂದು ಹೊರಟರು. ಹೊಲಗಳ ನಡುವೆ ದಾರಿ ಎರಡಾಗಿ ಒಡೆದಲ್ಲಿ ಎಡಕ್ಕೆ ತಿರುಗಿದವರು ಅಜ್ಜನವರೇ. ಬಿಸಿಲೇರುವವರೆಗೆ ನಡೆದ ಮೇಲೆ ಎದುರಾದ ಕುರಿಗಾಹಿಯೊಬ್ಬ, "ಈ ದಾರಿ ಆ ಊರಿಗೆ ಹೋಗಂಗಿಲ್ರಿ ಅಜ್ಜಾರ, ಬಲಕ್ಕ ಹೊಳ್ಳಬೇಕಿತ್ತು" ಎಂದ.

"ತಪ್ಪು ನಂದು" ಎಂದವರೇ ಅಜ್ಜನವರು ನಿಂತ ಕಾಲಲ್ಲೇ ಹಿಂದಕ್ಕೆ ಹೊರಳಿದರು.

ಚನ್ನಮಲ್ಲಪ್ಪ ನಿಂತಲ್ಲಿಂದ ಕದಲಲಿಲ್ಲ. "ಇಷ್ಟು ದೂರ ಬಂದೀವ್ರಿ ಅಜ್ಜಾರ. ಇನ್ನೊಂದೀಟು ಮುಂದ ಹೋದ್ರ ಎಲ್ಲೆರೆ ಅಡ್ಡದಾರಿ ಸಿಕ್ಕೀತು."

"ನಾವು ಎಷ್ಟು ದೂರ ಬಂದೀವಿ ಅನ್ನೂದು ಈ ದಾರಿಗೆ ಗೊತ್ತಿಲ್ಲ, ತಮ್ಮಾ."

ಮಾತು ಅಷ್ಟೇ. ಚನ್ನಮಲ್ಲಪ್ಪ ಹಿಂದೆ ಹಿಂದೆ ನಡೆದ. ಅವನಿಗೀಗ ಬೇರೊಂದು ಕುತೂಹಲ ಹುಟ್ಟಿತು. ಇಷ್ಟು ನಡಿಗೆ ನೀರುಪಾಲಾಯಿತಲ್ಲ, ಈ ವೃದ್ಧರಿಗೆ ಸಂಕಟವಾಗುವುದಿಲ್ಲವೆ? ಓರೆಗಣ್ಣಿನಿಂದ ಅವರ ಮುಖ ನೋಡಿದ, ಹೆಜ್ಜೆ ನೋಡಿದ. ಅವಸರವೂ ಇಲ್ಲ, ಆಲಸ್ಯವೂ ಇಲ್ಲ. ಸಂತರೆಂದರೆ ಕಲ್ಲು ಎಂದುಕೊಂಡವರಲ್ಲಿ ಅವನೂ ಒಬ್ಬ. ಕೊನೆಗೆ ತಡೆಯಲಾರದೆ, "ನಿಮಗ ಸಿಟ್ಟು ಬರಲಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟ.

"ಬಂತಲ್ಲ," ಅಜ್ಜನವರು ನಕ್ಕರು. "ಆಕಿ ಅಲ್ಲಿ ಕಾಯಾಕ ಹತ್ಯಾಳ, ಸಿಟ್ಟು ಬರಲಾರದ ಇರತೈತೇನು? ಆದ್ರ ಕಾಲು ಅದರ ಮಾತು ಕೇಳಬಾರದು."

ಅವರು ಆ ಊರು ಮುಟ್ಟಿದಾಗ ಮುದುಕಿಯ ಜೀವ ಇನ್ನೂ ದಾರಿ ಕಾಯುತ್ತಿತ್ತು. ತಡವಾದದ್ದಕ್ಕೆ ಅಜ್ಜನವರು ಅವಳ ಕ್ಷಮೆ ಕೇಳಿ ಹಣೆಗೆ ವಿಭೂತಿ ಹಚ್ಚಿದರು. ಚನ್ನಮಲ್ಲಪ್ಪ ಹೊರಗಿನ ಕಟ್ಟೆಯ ಮೇಲೆ ಕುಳಿತು, ಮೊಬೈಲು ತೆಗೆದು, ಅಷ್ಟೂ ಷೇರನ್ನು ನಷ್ಟಕ್ಕೇ ಮಾರಿದ. ಕಸುಬು ಬಿಡಲಿಲ್ಲ; ಬಿಡೆಂದು ಅಜ್ಜನವರೂ ಹೇಳಲಿಲ್ಲ.

ಇಂಥ ಕಥೆಗಳಲ್ಲಿ ಮುಂದೆ ಆ ಷೇರು ಪಾತಾಳ ಕಂಡಿತೆಂದು ಹೇಳುವುದು ವಾಡಿಕೆ. ಹಾಗಾಗಲಿಲ್ಲ. ಕೆಲವೇ ದಿನಗಳಲ್ಲಿ ಅದು ಏರಿತು. ನೀಲವ್ವನ ತಮ್ಮ ಊಟದ ಹೊತ್ತಿಗೆ ಬಂದು, "ಅವಸರ ಮಾಡಿದ್ರಿ ಮಾವಾ, ಒಂದೀಟು ತಡಕೊಂಡಿದ್ರ ಗೆದ್ದಿರತಿದ್ರಿ" ಎಂದ. ನೀಲವ್ವ ಗಂಡನ ತಟ್ಟೆಯತ್ತ ನೋಡಿದಳು. ಇಂಥ ಸುದ್ದಿ ಬಂದರೆ ತಟ್ಟೆ ದೂಡಿ ಏಳುತ್ತಿದ್ದ ಗಂಡ ಅವನು.

ಚನ್ನಮಲ್ಲಪ್ಪ ಕೈಯಲ್ಲಿದ್ದ ತುತ್ತು ಮುಗಿಸಿದ. "ಏರಲಿ ಬಿಡಪಾ. ನಾ ಮಾರಿದ್ದನ್ನ ಕೊಂಡವರೂ ಮಕ್ಕಳೊಂದಿಗರು" ಎಂದು ಹೇಳಿ ಇನ್ನೊಂದು ರೊಟ್ಟಿ ಕೇಳಿದ.

ಕಾಡಯ್ಯ ಅಜ್ಜನವರು ಮಾಡಿದ ಪವಾಡ ಯಾವುದೆಂದು ಯಾರಾದರೂ ವಿಚಾರಿಸಿದರೆ, ನೀಲವ್ವ ಇಂದಿಗೂ ಹೇಳುವುದು ಆ ರೊಟ್ಟಿಯ ಮಾತನ್ನೇ.