ಹಸಿ ಮಡಕೆ ಸುಟ್ಟ ಲಕ್ಕಣ್ಣ

ಕಾಲು ತೊಳ್ಕೊಂಡ್ಯಾ? ಆಮೇಲೆ ಅಂತೀಯಾ? ಸರಿ, ಹಂಗೇ ಬಾ, ಈ ಕಡೆ ಮಗ್ಗುಲಾಗು. ಆಮೇಲೆ ಆಮೇಲೆ ಅಂತಿದ್ದ ಒಬ್ಬನ ಕತೆ ಹೇಳ್ತೀನಿ, ಮಧ್ಯೆ ಮಧ್ಯೆ ಹೂಂ ಅಂತಿರಬೇಕು ನೋಡು.

ಒಂದಾನೊಂದು ಕಾಲದಲ್ಲಿ, ಯಾರ ಮನೆ ಗೋಡೆ ಮೇಲೂ ಗಡಿಯಾರ ಇಲ್ಲದ ಕಾಲದಲ್ಲಿ, ಒಂದು ಕೆರೆ ಪಕ್ಕ ಒಂದೂರಿತ್ತಂತೆ. ಆ ಊರಲ್ಲಿ ಒಬ್ಬ ಕುಂಬಾರಗಿತ್ತಿ, ಅವಳಿಗೆ ಮೂರು ಜನ ಗಂಡುಮಕ್ಕಳಂತೆ. ದೊಡ್ಡವನು ಒಳ್ಳೆಯವನು, ನಡುವಿನವನೂ ಒಳ್ಳೆಯವನು, ಇಬ್ಬರೂ ಎಲ್ಲೋ ದೂರದ ಊರಲ್ಲಿ ಮಡಕೆ ಮಾಡ್ಕೊಂಡು ಚೆನ್ನಾಗಿದ್ರಂತೆ. ಅವರ ವಿಷಯ ನಮಗೆ ಬೇಡ, ಒಳ್ಳೆಯವರಿಗೆ ಕತೆ ಇರಲ್ಲ. ಮೂರನೆಯವನೇ ನಮ್ಮ ಲಕ್ಕಣ್ಣ, ತಾಯಿ ಜೊತೆ ಇದ್ದವನು.

ಲಕ್ಕಣ್ಣನ ಕೈ ಅಂದ್ರೆ ಅದು ಕೈ. ತಿಗರಿ ತಿರುಗಿಸಿ ಮಣ್ಣಿನ ಮುದ್ದೆ ಮೇಲೆ ಬೆರಳಿಟ್ಟ ಅಂದ್ರೆ ನೀನು ಒಂದು ಎರಡು ಎಣಿಸೋದ್ರೊಳಗೆ ಮಡಕೆ ಎದ್ದು ನಿಲ್ತಿತ್ತಂತೆ. ಆ ಕೈನೇ ಅವನಿಗೆ ಮುಳುವಾಯ್ತು. ಬೇರೆಯವರಿಗೆ ನಾಲ್ಕು ದಿನದ ಕೆಲಸ ನನಗೆ ಒಂದು ಬೆಳಗಿನದು, ಈಗಲೇ ಯಾಕೆ ಮೈ ನೋಯಿಸ್ಕೋಬೇಕು ಅಂತ ಯಾವಾಗ ನೋಡಿದ್ರೂ ಅರಳಿಕಟ್ಟೆ ಮೇಲೆ ಕೂತಿರ್ತಿದ್ದನಂತೆ. ಯಾರಾದ್ರೂ ಕೇಳಿದ್ರೆ ಮಾತ್ರ ಅಯ್ಯೋ, ಒಂದು ಗಳಿಗೆ ಪುರುಸೊತ್ತಿಲ್ಲ ಅನ್ನೋನಂತೆ. ಹಳ್ಳದಾಚೆ ಊರಲ್ಲಿ ಕೆಂಚಜ್ಜಿ ಅಂತ ಒಬ್ಬಳು ಮುದುಕಿ ಮಡಕೆ ಮಾಡ್ತಿದ್ದಳು, ಕೈ ನಡುಗೋದು ಅವಳಿಗೆ, ಅವಳನ್ನ ಬಸವನಹುಳು ಅಂತ ಕರೆದು ಕಟ್ಟೆ ಮೇಲಿನವರನ್ನೆಲ್ಲ ನಗಿಸ್ತಿದ್ದನಂತೆ.

ಹೀಗಿರುವಾಗ ಆ ಊರಿನ ಮರಿಗೌಡನ ಮಗಳು ಹೊನ್ನಮ್ಮನಿಗೆ ಮದುವೆ ಗೊತ್ತಾಯ್ತಂತೆ. ಆಗೆಲ್ಲ ಮದುವೆ ಅಂದ್ರೆ ಐರಣಿ ಮಡಕೆ ಬೇಕೇ ಬೇಕು. ಐರಣಿ ಅಂದ್ರೆ ಸುಣ್ಣ ಕೆಮ್ಮಣ್ಣಲ್ಲಿ ಗೆರೆ ಬರೆದ ಐದು ಹೊಸ ಮಡಕೆ. ಮದುವೆ ದಿನ ಬೆಳಿಗ್ಗೆ ಹೆಣ್ಣಿನ ಕಡೆಯವರೆಲ್ಲ ಓಲಗ ಊದಿಸ್ಕೊಂಡು ಕುಂಬಾರನ ಬಾಗಿಲಿಗೇ ಬಂದು, ಅಲ್ಲೇ ಪೂಜೆ ಮಾಡಿ, ಮದುಮಗಳ ಕೈಯಿಂದ ಕುಂಬಾರನಿಗೆ ತಾಂಬೂಲ ಕೊಡಿಸಿ, ಮಡಕೆ ಹೊತ್ತು ಚಪ್ಪರಕ್ಕೆ ತರಬೇಕು. ಅವು ಬಾರದೆ ತಾಳಿ ಕಟ್ಟೋ ಹಾಗಿಲ್ಲ. ಮರಿಗೌಡ ಒಂದು ತಿಂಗಳ ಮುಂಚೆನೇ ಎಲೆಅಡಿಕೆ ತಂದಿಟ್ಟು, ನಿನ್ನ ನಂಬಿದೀನಪ್ಪ ಲಕ್ಕಣ್ಣ ಅಂದನಂತೆ. ಇವನು ಎದೆ ತಟ್ಟಿಕೊಂಡು ನೀವು ಹೋಗಿ ಗೌಡ್ರೆ, ನಿಶ್ಚಿಂತೆಯಿಂದ ಮಲಗಿ ಅಂದನಂತೆ.

ಮೊದಲನೇ ವಾರ ಕೆರೆ ಅಂಗಳದಿಂದ ಮಣ್ಣು ತಂದು ನೆನೆಹಾಕ್ಬೇಕಿತ್ತು. ಬುಟ್ಟಿ ತಲೆ ಮೇಲಿಟ್ಕೊಂಡು ಹೊರಟನಂತೆ, ದಾರೀಲಿ ಟಗರು ಕಾಳಗ ನಡೀತಿತ್ತು, ಒಂದು ಗಳಿಗೆ ನೋಡಿ ಹೋಗೋಣ ಅಂತ ನಿಂತ, ನಿಂತವನು ಸಾಯಂಕಾಲವಾದ್ರೂ ನಿಂತೇ ಇದ್ದ. ಮಾರನೇ ದಿನ ಮತ್ತೇನೋ. ಆಮೇಲೆ ಎರಡನೇ ವಾರ ಅಂತೂ ಮಣ್ಣು ಬಂತು, ಅದನ್ನ ತುಳಿದು ಹದ ಮಾಡ್ಬೇಕಿತ್ತು. ಅರ್ಧ ತುಳಿದ, ಅಷ್ಟರಲ್ಲಿ ತಿಗರಿ ಗೂಟ ಸರಿಯಿಲ್ಲ ಅನ್ನಿಸ್ತು, ಅದನ್ನ ಅರ್ಧ ಕೆತ್ತಿದ, ಅಷ್ಟರಲ್ಲಿ ಮಡಕೆ ಸುಡೋಕೆ ಬೇಕಾದ ಹುಲ್ಲಿನ ನೆನಪಾಯ್ತು, ಅದನ್ನ ಅರ್ಧ ಒಟ್ಟಿದ, ಕಡೆಗೆ ಯಾವುದೂ ಮುಗೀಲಿಲ್ಲ, ಬೆನ್ನು ನೋವು ಮಾತ್ರ ಪೂರ್ತಿ ಬಂತಂತೆ. ಆಮೇಲೆ ಮೂರನೇ ವಾರ ತಿಗರಿ ಮುಂದೆ ಕೂತ, ಕೂತ ತಕ್ಷಣ ಕಟ್ಟೆ ಗೆಳೆಯರು ಬಂದ್ರು. ಅವರೆದುರು ಆಳೆತ್ತರದ ಹೂಜಿ ಎಬ್ಬಿಸೋದು, ಅವರು ಭಲೇ ಅನ್ನೋದು, ಇವನು ಅದನ್ನ ಮತ್ತೆ ಮುದ್ದೆ ಮಾಡೋದು. ಆ ವಾರ ಪೂರ್ತಿ, ಅದರ ಮುಂದಿನ ವಾರಾನೂ ಇದೇ ಆಟ.

ಮದುವೆಗೆ ಇನ್ನು ಮೂರೇ ದಿನ ಇದೆ ಅನ್ನುವಾಗ ಲಕ್ಕಣ್ಣನಿಗೆ ಎದೆ ಧಸಕ್ ಅಂತಂತೆ. ಬೆಳಿಗ್ಗೆ ಕೂತವನು ಹೊತ್ತು ನೆತ್ತಿಗೆ ಬರೋದ್ರೊಳಗೆ ಐದು ಮಡಕೆ ಮಾಡಿಟ್ಟ. ನೋಡಿದ್ರೆ ದೃಷ್ಟಿ ತಾಗಬೇಕು, ಅಷ್ಟು ಚೆಂದ. ನೋಡವ್ವ, ಆಯ್ತಲ್ಲ ಅಂತ ತಾಯಿಗೆ ಬೀಗಿ ತೋರಿಸಿದನಂತೆ. ಆದ್ರೆ ಕಂದ, ಮಡಕೆ ಮಾಡೋದು ಕೈಯಾದ್ರೂ ಒಣಗಿಸೋದು ನೆರಳು. ಎಂಟು ಹತ್ತು ದಿನ ನೆರಳಲ್ಲಿಟ್ಟು ಒಳಗಿನ ತೇವವೆಲ್ಲ ಹೋಗ್ಬೇಕು, ಅದಕ್ಕೆ ಎಂಥ ಕೈ ಇದ್ದೋನೂ ಏನೂ ಮಾಡೋಕಾಗಲ್ಲ. ಇವನು ಬಿಸಿಲಿಗಿಟ್ಟ, ಒಲೆ ಪಕ್ಕ ಇಟ್ಟ, ಮೊರ ತಗೊಂಡು ಬೀಸಿದ. ತಾಯಿಗೆ ಕಣ್ಣು ಮಂಜು, ಅವಳು ಒಂದು ಮಡಕೆ ಎತ್ತಿ ಕೆನ್ನೆಗೆ ಒತ್ತಿ ನೋಡಿದಳಂತೆ, ತಣ್ಣಗಿದೆ ಕಣೋ ಮಗಾ, ಒಳಗೆ ನೀರಿದೆ, ಬೆಂಕಿಗಿಡಬೇಡ್ವೋ ಅಂದಳಂತೆ. ನಿನಗೇನೂ ತಿಳಿಯಲ್ಲ ಸುಮ್ನಿರವ್ವ ಅಂತ ಗದರಿ, ಐದನ್ನೂ ಆವಿಗೆಯಲ್ಲಿಟ್ಟು, ಮೇಲೆ ಹುಲ್ಲು ಬೆರಣಿ ಮುಚ್ಚಿ, ಹಾಡುಹಗಲಲ್ಲೇ ಬೆಂಕಿ ಹಾಕಿಬಿಟ್ಟ.

ಸ್ವಲ್ಪ ಹೊತ್ತಿಗೆ ಆವಿಗೆಯೊಳಗಿಂದ ಢಬ್ ಅಂತು. ಆಮೇಲೆ ಇನ್ನೊಂದು ಢಬ್. ಕಟ್ಟೆ ಮೇಲಿದ್ದವರು ಏನಪ್ಪಾ, ಗೌಡನ ಮನೇಲಿ ಈಗಲೇ ಪಟಾಕಿ ಶುರುವಾಯ್ತಲ್ಲ ಅಂತ ಖುಷಿಪಟ್ಟರಂತೆ. ಐದು ಸಲ ಢಬ್ ಅಂದು ಸುಮ್ಮನಾಯ್ತು. ಬೂದಿ ಕೆದಕಿ ನೋಡಿದ್ರೆ ಬರೀ ಚೂರು. ತಾಯಿ ಬುಟ್ಟಿ ತಂದು ಚೂರೆಲ್ಲ ಅದಕ್ಕೆ ಬಳಿಯೋಕೆ ಶುರುಮಾಡಿದಳಂತೆ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿ ಲಕ್ಕಣ್ಣನೂ ಪಕ್ಕದಲ್ಲೇ ಚೂರು ಆರಿಸೋಕೆ ಕೂತನಂತೆ.

ಮಾರನೇ ದಿನ ಬೇರೆ ದಾರಿ ಕಾಣದೆ, ಯಾರ ಕಣ್ಣಿಗೂ ಬೀಳದ ಹಾಗೆ ಹೊಲದ ಬದುವಿನ ಮೇಲೇ ನಡೆದು, ಹಳ್ಳ ದಾಟಿ ಕೆಂಚಜ್ಜಿ ಮನೆಗೆ ಹೋದನಂತೆ. ನಡುಮಧ್ಯಾಹ್ನ. ಇವನ ಮನೇಲಾದ್ರೆ ಆ ಹೊತ್ತಲ್ಲಿ ಮಣ್ಣು ಒಂದು ಕಡೆ, ಹುಲ್ಲು ಒಂದು ಕಡೆ ಬಿದ್ದಿರ್ತಿತ್ತು. ಇಲ್ಲಿ ಕೆಂಚಜ್ಜಿ ಜಗಲಿ ಮೇಲೆ ಕಾಲು ನೀಡ್ಕೊಂಡು ಎಲೆಅಡಿಕೆ ಮೆಲ್ತಾ ಕೂತಿದ್ದಾಳೆ! ಒಳಗೆ ನೋಡಿದ್ರೆ ಅಟ್ಟದ ತುಂಬ ಮಡಕೆ, ಅದರಲ್ಲಿ ಗೆರೆ ಬರೆದ ಐರಣಿ ಮಡಕೆ ಹದಿನೈದು, ಮೂರು ಮದುವೆಗಾಗುವಷ್ಟು. ಅಜ್ಜೀ, ಇಷ್ಟೆಲ್ಲ ಯಾವಾಗ ಮಾಡಿದೆ ಅಂತ ಬಾಯ್ಬಿಟ್ಟು ಕೇಳಿದನಂತೆ. ಅವಳಂದಳಂತೆ, ನನ್ನ ಕೈ ನಿಧಾನ ಅಲ್ವೇನಪ್ಪಾ, ಅದಕ್ಕೇ ಬೇಗ ಶುರುಮಾಡ್ತೀನಿ. ನಾಳೆ ಬೇಕಾಗೋ ಮಣ್ಣು ಇವತ್ತು ಸಂಜೆ ನೆನೆಹಾಕಿ ಮಲಗ್ತೀನಿ, ಮಣ್ಣು ಅದರ ಪಾಡಿಗದು ನೆನೀತಿದ್ರೆ ನಾನು ಹುಲ್ಲು ಬೆರಣಿ ಹೊಂದಿಸ್ಕೋತೀನಿ, ತಿಗರಿ ಮುಂದೆ ಕೂತ್ರೆ ತಿಗರಿ ನಿಲ್ಲೋವರೆಗೂ ಯಾರು ಕರೆದ್ರೂ ಏಳಲ್ಲ. ಅಷ್ಟು ಮಾಡಿದ್ಮೇಲೂ ದಿನ ಮುಗಿಯಲ್ಲ ಅಂತೀನಿ, ಪುರುಸೊತ್ತೇ ಪುರುಸೊತ್ತು. ನಿನಗೆ ಬೇಕಾದ್ರೆ ಒಂಚೂರು ತಗೊಂಡು ಹೋಗು!

ಲಕ್ಕಣ್ಣ ತಲೆ ತಗ್ಗಿಸಿದವನು ಎತ್ತಲಿಲ್ಲ. ನಡೆದದ್ದೆಲ್ಲ ಹೇಳ್ಕೊಂಡನಂತೆ, ಬಸವನಹುಳು ಅಂದದ್ದು ಮಾತ್ರ ನಾಲಿಗೆಗೆ ಬರಲಿಲ್ಲ. ಅಜ್ಜಿ ಎದ್ದು ಐದು ಮಡಕೆ ಇಳಿಸಿಕೊಟ್ಟಳಂತೆ. ಇವು ನಿನಗೋಸ್ಕರ ಅಲ್ಲಪ್ಪ, ಆ ಹುಡುಗಿಗೋಸ್ಕರ ಅಂದಳಂತೆ. ಯಾರು ಮಾಡಿದ್ದು ಅಂತ ಕೇಳಿದ್ರೆ ಏನಂತ ಹೇಳ್ಲಿ ಅಜ್ಜಿ ಅಂದ್ರೆ, ನಿನ್ನ ಬಾಯಿ ನಿನ್ನದು ಅಂದು ಮತ್ತೆ ಎಲೆಗೆ ಸುಣ್ಣ ಹಚ್ತಾ ಕೂತಳಂತೆ.

ಆಮೇಲೆ ಮದುವೆ ದಿನ ಬೆಳಗಾಯ್ತು, ಓಲಗ ಬಂತು, ಊರಿಗೆ ಊರೇ ಲಕ್ಕಣ್ಣನ ಬಾಗಿಲಲ್ಲಿ ನೆರೀತು. ಮೊದಲು ಮರಿಗೌಡ ಬಂದು ಮಡಕೆ ನೋಡಿ, ಭೇಷ್ ಲಕ್ಕಣ್ಣ, ಮಾತು ಉಳಿಸ್ಕೊಂಡೆ ಅಂದನಂತೆ. ಲಕ್ಕಣ್ಣ ಸುಮ್ಮನಿದ್ದ. ಆಮೇಲೆ ಊರ ಹಿರಿಯ ಒಬ್ಬ ಮಡಕೆ ಬಾಯಿ ಸವರಿ, ಇಂಥ ಕೈ ಹತ್ತೂರಲ್ಲಿಲ್ಲ, ಆ ಬಸವನಹುಳು ಮುದುಕಿ ನೂರು ವರ್ಷ ಬದುಕಿದ್ರೂ ಹಿಂಗೆ ಮಾಡಿಯಾಳಾ ಅಂದನಂತೆ, ಎಲ್ಲರೂ ಗೊಳ್ಳೆಂದು ನಕ್ಕರಂತೆ. ತಾನೇ ಹುಟ್ಟಿಸಿದ ಮಾತು. ಲಕ್ಕಣ್ಣನಿಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು, ಆದ್ರೂ ಸುಮ್ಮನಿದ್ದ. ತಾಯಿ ಬಾಗಿಲ ಸಂದೀಲಿ ಸೆರಗು ಬಾಯಿಗೊತ್ತಿ ನಿಂತಿದ್ದಳಂತೆ.

ಮೂರನೆಯವಳಾಗಿ ಮದುಮಗಳು ಹೊನ್ನಮ್ಮನೇ ಬಂದಳು. ತಟ್ಟೇಲಿ ಎಲೆಅಡಿಕೆ, ಅಕ್ಕಿ ಬೆಲ್ಲ, ಹೊಸ ಪಂಚೆ. ಅವಳು ಮೆಲ್ಲಗೆ, ಅಣ್ಣಾ, ಊರೆಲ್ಲ ಲಕ್ಕಣ್ಣ ಕೈ ಕೊಡ್ತಾನೆ ನೋಡು ಅಂದ್ರು, ಇಲ್ಲ, ನಮ್ಮಣ್ಣ ಹಂಗೆ ಮಾಡಲ್ಲ ಅಂತ ನಾನೊಬ್ಬಳೇ ಅಂದೆ, ನನ್ನ ಮಾನ ಉಳಿಸಿದೆ ಅಂತ ಬಗ್ಗಿ ಕಾಲಿಗೆ ಕೈ ಹಾಕೋಕೆ ಬಂದಳಂತೆ.

ಆಗ ತಡಕೊಳ್ಳೋಕಾಗಲಿಲ್ಲ ಅವನ ಕೈಲಿ. ಎರಡು ಹೆಜ್ಜೆ ಹಿಂದಕ್ಕೆ ಸರಿದು, ಬೇಡ ತಾಯೀ, ಇವು ನನ್ನವಲ್ಲ ಅಂದನಂತೆ. ಓಲಗ ನಿಂತುಹೋಯ್ತು. ನಾನು ತಿಂಗಳೆಲ್ಲ ಕಟ್ಟೆ ಮೇಲೆ ಕಳೆದೆ, ಬೆಂಕಿ ಬಿದ್ದಾಗ ಬಾವಿ ತೋಡಿದೆ, ನೀವು ಕೇಳಿದ ಪಟಾಕಿ ನನ್ನ ಮಡಕೆ ಒಡೆದದ್ದು, ಇವನ್ನ ಮಾಡಿದ್ದು ಕೆಂಚಜ್ಜಿ, ಅವಳಿಗೆ ಆ ಹೆಸರಿಟ್ಟವನೂ ನಾನೇ. ಅಷ್ಟೂ ಹೇಳಿ ಮುಖ ಮುಚ್ಕೊಂಡನಂತೆ. ಗುಂಪಲ್ಲಿ ಯಾರೋ ಕಿಸಕ್ ಅಂದರು, ಯಾರೋ ಥೂ ಅಂದರು.

ಮರಿಗೌಡ ಮಾತ್ರ ಹೊತ್ತು ನೋಡಿ, ಮುಹೂರ್ತಕ್ಕೆ ಇನ್ನೂ ಸಮಯ ಇದೆ, ಗಾಡಿ ಕಟ್ರೋ, ಆ ತಾಯೀನ ಕರ್ಕೊಂಡು ಬನ್ನಿ, ತಾಂಬೂಲ ಅವಳಿಗೇ ಸಲ್ಲಬೇಕು ಅಂದನಂತೆ. ಗಾಡಿ ಹೋಗಿ ಬರೋವರೆಗೂ ಮಕ್ಕಳು ಮರಿ ಮುದುಕರು ಎಲ್ಲರೂ ಬಿಸಿಲಲ್ಲಿ ನಿಂತಿದ್ದರು. ಇಷ್ಟು ಜನರ ಹೊತ್ತು ನಾನು ತಿಂದೆನಲ್ಲ ಅಂತ ಲಕ್ಕಣ್ಣ ಒಬ್ಬೊಬ್ಬರಿಗೂ ತಂಬಿಗೇಲಿ ನೀರು ಕೊಡ್ತಾ ಓಡಾಡಿದನಂತೆ, ಒಬ್ಬರ ಮುಖಾನೂ ನೋಡದೆ. ಕೆಂಚಜ್ಜಿ ಬಂದಳು, ತಟ್ಟೆ ತಗೊಂಡಳು, ಬೇಡ ಗೀಡ ಅನ್ನಲಿಲ್ಲ, ಯಾಕನ್ನಬೇಕು, ದುಡಿದವಳು ಅವಳು! ಓಲಗ ಶುರುವಾಯ್ತು, ಮಡಕೆ ಹೊರಟವು. ಹೋಗ್ತಾ ಹೊನ್ನಮ್ಮ ತಿರುಗಿ ನಿಂತು, ಅಣ್ಣಾ, ನಾಳೆ ನನಗೊಂದು ಮಗು ಆದ್ರೆ ಅದಕ್ಕೆ ನೀರು ಕಾಯಿಸೋ ಹಂಡೆ ಮಡಕೆ ಮಾತ್ರ ನಿನ್ನ ಕೈದೇ ಆಗ್ಬೇಕು, ಆಗ ತಾಂಬೂಲ ತಗೋ ಅಂದಳಂತೆ.

ಊರೆಲ್ಲ ಮದುವೆ ಊಟಕ್ಕೆ ಕೂತಾಗ ಲಕ್ಕಣ್ಣ ಅಲ್ಲಿರಲಿಲ್ಲವಂತೆ. ತಾಯಿ ತಡವರಿಸ್ಕೊಂಡು ಮನೆಗೆ ಬಂದು ನೋಡಿದ್ರೆ ಕೆರೆಯಿಂದ ಮಣ್ಣು ತಂದು ಗುಂಡೀಲಿ ನೆನೆಹಾಕ್ತಾ ಇದ್ದಾನೆ. ಅವಳಿಗೆ ನಗು ಬಂತಂತೆ. ಅಯ್ಯೋ ಹುಚ್ಚಪ್ಪ, ಮದುವೆ ಆಗಿದ್ದೇ ಇವತ್ತು, ಮಗು ಅಂದ್ರೆ ವರ್ಷವಾದ್ರೂ ಬೇಡ್ವೇನೋ, ಎದ್ದು ಬಾ ಊಟಕ್ಕೆ ಅಂದಳಂತೆ. ಇವನು ತಲೆ ಎತ್ತದೇ, ಎಲೆ ಮುಂದೆ ಕೂರೋಕೆ ನನಗೆ ಮುಖ ಇಲ್ಲ ಕಣವ್ವ, ಮಣ್ಣಿನ ಮುಂದಾದ್ರೆ ಕೂರಬಹುದು ಅಂದನಂತೆ. ತಾಯಿ ಸೆರಗು ಸಿಕ್ಕಿಸ್ಕೊಂಡು ಪಕ್ಕದಲ್ಲೇ ಕೂತು ಮಣ್ಣಿನ ಕಲ್ಲು ಆರಿಸೋಕೆ ಶುರುಮಾಡಿದಳಂತೆ.

ಆಮೇಲೆ ಮಗುವೂ ಆಯ್ತು, ಹಂಡೆ ಮಡಕೆ ಅದಕ್ಕೂ ಮೊದಲೇ ನೆರಳಲ್ಲಿ ಒಣಗಿ, ಬೆಂಕೀಲಿ ಬೆಂದು, ಢಬ್ ಅನ್ನದೇ ಹೊರಗೆ ಬಂತಂತೆ. ಆ ಮಗು ಬಿಸಿನೀರು ಹೊಯ್ಸಿಕೊಂಡು ಹಾಯಾಗಿ ನಿದ್ದೆ ಮಾಡ್ತಂತೆ. ಅಲ್ಲಿಗೆ ಅವರ ಆವಿಗೆ ಆರಿತು, ನಮ್ಮ ಕತೆನೂ ಮುಗೀತು. ಹೂಂ ಅನ್ನು ಅಂದ್ರೆ, ನೋಡು, ಆಗಲೇ ನಿದ್ದೆ ಹೋಗಿದೆ.